ಜೊತೆಯಿಲ್ಲದ ಕೊಕ್ಕು

ನಮ್ಮೂರಲ್ಲಿ ಸೌದೆ ಉರಿಸಿ ಮಂಡಕ್ಕಿ ಹುರಿದವರನ್ನು ನಾನು ನೋಡಿಲ್ಲ. ನಮ್ಮಜ್ಜಿಯೂ ನೋಡಿರಲಿಲ್ಲವಂತೆ. ಊರಿನ ಪಡುವಣಕ್ಕೆ ಬಟ್ಟಲುಬಂಡೆ ಇದೆ. ಒಂದು ದೊಡ್ಡ ಬಟ್ಟಲನ್ನು ಅಡ್ಡ ನಿಲ್ಲಿಸಿದ ಹಾಗೆ ಒಳಕ್ಕೆ ಬಾಗಿಕೊಂಡು, ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಹಾಗೆ ಹೊಳೆಯುತ್ತದೆ. ಬಿಸಿಲು ಅದಕ್ಕೆ ಬಡಿದು ತಿರುಗಿ ನಮ್ಮ ನೆಲದ ಮೇಲೆ ಬೀಳುತ್ತದೆ. ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಎರಡು ಬಿಳಿ ಗೆರೆಗಳಾಗಿ ಕೂಡಿಕೊಂಡು ಬೀಳುತ್ತದೆ. ಆ ಎರಡೂ ಬಾಗುತ್ತ ಬಾಗುತ್ತ ಬಂದು ಒಂದು ಕಡೆ ಸೇರಿ ಚೂಪಾಗುತ್ತವೆ. ಆ ಚೂಪಿಗೆ ನಾವು ಕೊಕ್ಕು ಅನ್ನುತ್ತೇವೆ. ಗೆರೆಯ ಮೇಲೆ ಬಾಣಲೆ ಇಟ್ಟರೆ ಮರಳು ಕಾಯುತ್ತದೆ. ಕೊಕ್ಕಿನ ಮೇಲೆ ಇಟ್ಟರೆ, ಅಕ್ಕಿ ಹಾಕಿದ ಕೈ ಹಿಂದಕ್ಕೆ ಬರುವಷ್ಟರಲ್ಲಿ ಚಟಪಟ ಅಂತ ಅರಳಿರುತ್ತದೆ.

ಸೂರ್ಯ ನಡೆದರೆ ಗೆರೆ ನಡೆಯುವುದಿಲ್ಲ. ಬಂಡೆ ಉಸಿರಾಡಿದರೆ ನಡೆಯುತ್ತದೆ. ಮಲಗಿದವರ ಹೊಟ್ಟೆಯ ಹಾಗೆ ಬಂಡೆ ಒಂದಿಷ್ಟು ಉಬ್ಬುತ್ತದೆ, ಒಂದಿಷ್ಟು ತಗ್ಗುತ್ತದೆ. ಒಂದು ದಿನ ಗೇಣು ಜಾಗ ಜರುಗುತ್ತದೆ, ಇನ್ನೊಂದು ದಿನ ಗೆರೆ ಎದ್ದು ಕುಂಬಾರ ಓಣಿ ದಾಟಿಕೊಂಡು ಹೋಗಿರುತ್ತದೆ. ಅದಕ್ಕೇ ನಮ್ಮಲ್ಲಿ ಯಾರೂ ಒಲೆ ಕಟ್ಟುವುದಿಲ್ಲ. ಬಾಣಲೆಗೆ ಎರಡು ಕಿವಿ ಇರುತ್ತವೆ, ಆಗೆಲ್ಲ ಹೊತ್ತುಕೊಂಡೇ ಹೋಗುತ್ತಿದ್ದೆವು.

ಬಾಣಲೆಗಳು ನಲವತ್ತೊಂದು. ಕೊಕ್ಕಿನ ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು, ಕೊಕ್ಕಿನ ಮೇಲೆ ಒಂದು. ಗೆರೆ ಎಷ್ಟೇ ಸೊಟ್ಟಗಾಗಲಿ, ಸಾಲು ಮಾತ್ರ ಬದಲಾಗುವುದಿಲ್ಲ. ಕೆಲವು ದಿನ ಗೆರೆ ಕುಗ್ಗಿ ಮೊಣಕೈಗೆ ಮೊಣಕೈ ತಾಗುತ್ತದೆ. ಕೆಲವು ದಿನ ಹಿಗ್ಗಿ, ಪಕ್ಕದವಳ ಹತ್ತಿರ ಉಪ್ಪು ಕೇಳಬೇಕೆಂದರೆ ಕೂಗಬೇಕು. ಆದರೆ ಪಕ್ಕದವಳು ಪಕ್ಕದವಳೇ. ದುರುಗಮ್ಮನೂ ಬಸಮ್ಮನೂ ಮಾತು ಬಿಟ್ಟು ಹನ್ನೊಂದು ವರ್ಷ ಆಗಿತ್ತು, ಆ ಹನ್ನೊಂದು ವರ್ಷವೂ ಒಬ್ಬರ ಮಗ್ಗುಲಲ್ಲಿ ಒಬ್ಬರು ಕೂತೇ ಹುರಿದರು.

ಕೊಕ್ಕಿನ ಮೇಲಿನ ಬಾಣಲೆ ಆಗ ನನ್ನದು. ಬೆಳಗ್ಗೆ ಬಂಡೆಗೆ ಬಿಸಿಲು ಬಿದ್ದ ಕೂಡಲೇ ಸುಣ್ಣದ ಕುಡಿಕೆ ಹಿಡಿದು ಹೋಗಿ, ಇವತ್ತು ಕೊಕ್ಕು ಎಲ್ಲಿ ಕೂತಿದೆ ಎಂದು ನೋಡಿ ಗುರುತು ಹಾಕುವುದು ನನ್ನ ಕೆಲಸ. ಆ ಗುರುತಿನಿಂದ ಎಡಕ್ಕೂ ಬಲಕ್ಕೂ ಉಳಿದವರು ಸಾಲಾಗಿ ಇಡುತ್ತ ಹೋಗುತ್ತಾರೆ. ನಾನು ಓದಿದ್ದು ಮೂರನೇ ಇಯತ್ತೆ. ಆದರೂ ಮೂವತ್ತೆಂಟು ವರ್ಷ ನನ್ನ ಗುರುತು ತಪ್ಪಿಲ್ಲ. ಇದನ್ನು ಹೇಳುವಾಗ ಸ್ವಲ್ಪ ಎದೆ ಉಬ್ಬುತ್ತದೆ, ಉಬ್ಬಲಿ.

ನನಗೆ ಕುಡಿಕೆ ಕೊಟ್ಟವಳು ಇಮಾಂಬಿ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅವಳು ಕೊಕ್ಕಿನವಳು, ನಾನು ಅವಳಿಗೆ ಮರಳು ಜರಡಿ ಹಿಡಿಯುವವಳು. ಒಂದು ದಿನ ಕೂರಿಸಿಕೊಂಡು, ತಗಡಿನ ಲೋಟದಲ್ಲಿ ಮಜ್ಜಿಗೆ ಹಾಕಿ ಓರೆ ಬಿಸಿಲಿಗೆ ಇಟ್ಟಳು. "ಒಳಗೆ ನೋಡು ಕೊಟ್ರವ್ವ" ಅಂದಳು. ನೋಡಿದರೆ ಮಜ್ಜಿಗೆಯ ಮೇಲೆ ನಮ್ಮೂರ ಗೆರೆಯೇ ಇದೆ. ಎರಡು ಬಿಳಿ ಗೆರೆ, ನಡುವೆ ಕೊಕ್ಕು.

"ಲೋಟ ಹಿಚುಕು."

ಹಿಚುಕಿದೆ. ಗೆರೆ ಬಾಗಿತು, ಕೊಕ್ಕು ಒಂದು ಕಡೆಗೆ ವಾಲಿತು. ಹೋಗಲಿಲ್ಲ.

"ಇನ್ನೂ ಹಿಚುಕು. ಗಂಡನ ಮೇಲಿನ ಸಿಟ್ಟೆಲ್ಲ ಹಾಕಿ ಹಿಚುಕು."

ಇನ್ನೂ ಹಿಚುಕಿದೆ. ಒಂದು ಗೆರೆ ನುಲಿದುಕೊಂಡು ಎರಡು ಪುಟ್ಟ ಕೊಕ್ಕು ಹೊರಬಂದವು.

"ಎಷ್ಟು?"

"ಮೂರು."

"ಕೈ ಸಡಿಲ ಬಿಡು. ಈಗ?"

"ಒಂದು."

"ನಡುವೆ ಎರಡು ಯಾವಾಗ ಇತ್ತು?"

ನಾನು ಮತ್ತೆ ಹಿಚುಕಿದೆ, ಬಿಟ್ಟೆ, ಹಿಚುಕಿದೆ, ಬಿಟ್ಟೆ. ಎರಡು ಕಾಣಲೇ ಇಲ್ಲ. ಮಜ್ಜಿಗೆ ಸೀರೆಯ ಮೇಲೆ ಚೆಲ್ಲಿತು. ಇಮಾಂಬಿ ನಕ್ಕಳು. "ಕಾಣೋದಿಲ್ಲ. ಕೊಕ್ಕು ಹುಟ್ಟಿದರೆ ಜೋಡಿ ಹುಟ್ತಾವೆ, ಸತ್ತರೆ ಒಂದಕ್ಕೊಂದು ಸೇರಿ ಜೋಡಿ ಸಾಯ್ತಾವೆ. ನಮ್ಮದು ಒಂಟಿ. ಅದಕ್ಕೆ ಜೊತೆ ಇಲ್ಲ. ಇದೊಂದು ತಿಳಕೊಂಡರೆ ಸಾಕು, ಉಳಿದದ್ದು ಬರೀ ಸುಣ್ಣ."

ತಿಳಿದುಕೊಂಡೆ ಅಂದುಕೊಂಡಿದ್ದೆ. ಆದರೂ ಹೊನ್ನೂರಿ ಹೊಟ್ಟೆಯಲ್ಲಿದ್ದಾಗ ಬಾಣಲೆ ಎತ್ತಲಾರದೆ ಒಂದು ತಪ್ಪು ಮಾಡಿದೆ. ಆ ತಿಂಗಳೆಲ್ಲ ಕೊಕ್ಕು ಒಂದೇ ಕಡೆ ಕೂತಿತ್ತು. ಗಂಡನಿಗೆ ಹೇಳಿ ಅಲ್ಲೇ ಒಂದು ಮಣ್ಣಿನ ಕಟ್ಟೆ ಕಟ್ಟಿಸಿ ಬಾಣಲೆಯನ್ನು ಅದರಲ್ಲಿ ಹೂತೆ. ಮೂರನೆಯ ದಿನ ಕೊಕ್ಕು ನೂರು ಹೆಜ್ಜೆ ಆಚೆ ಹೋಗಿ ಕೂತಿತು. ಇಮಾಂಬಿ ಸೊಂಟಕ್ಕೆ ಕೈ ಕೊಟ್ಟು ನಿಂತು, "ಕೊಕ್ಕಿಗೆ ಮನೆ ಕಟ್ಟಿಸಿದೆಯಲ್ಲೇ. ಗೃಹಪ್ರವೇಶಕ್ಕಾದರೂ ಕರೀಬಾರದಾ" ಅಂದಳು. ಆ ಬಾಣಲೆಯಲ್ಲಿ ಆಮೇಲೆ ಕೋಳಿಗಳು ಮೊಟ್ಟೆ ಇಟ್ಟವು.

ಇಷ್ಟು ಹಿಂದಿನ ಕಥೆ. ಈಗ ಹೇಳಬೇಕಾದದ್ದು ನನ್ನ ಮಗಳು ಹೊನ್ನೂರಿಯ ವಿಷಯ.

ಹೊನ್ನೂರಿ ನನ್ನ ಜೊತೆಯಲ್ಲೇ ಹುರಿದು ಬೆಳೆದವಳು. ನನಗೆ ಮಂಡಿನೋವು ಶುರುವಾದ ಮೇಲೆ ಬಾಣಲೆ ಅವಳೇ ಹೊರುತ್ತಿದ್ದಳು. ಕುಡಿಕೆಯನ್ನೂ ತೆಗೆದುಕೊ ಎಂದರೆ ಮಾತ್ರ ಒಲ್ಲೆ ಅಂದಳು. ಅವಳ ಮಗಳನ್ನು ಶಾಲೆಗೆ ಸೇರಿಸುವಾಗ ಒಂದು ಫಾರಂ ಕೊಟ್ಟಿದ್ದರು. ಅದರಲ್ಲಿ ತಾಯಿ ಕೆಲಸ ಮಾಡುವ ಸ್ಥಳ ಎಂದು ಒಂದು ಸಾಲು. ಏನು ಬರೆಯಬೇಕೋ ತಿಳಿಯದೆ ಅದನ್ನು ಖಾಲಿ ಬಿಟ್ಟು ಬಂದಿದ್ದಳು.

"ಏನು ಬರೀಲವ್ವ? ಸೋಮವಾರ ಕುಂಬಾರ ಓಣಿ, ಮಂಗಳವಾರ ಕುರಿ ಸಂತೆ ಬಯಲು ಅಂತಲಾ? ಹುಟ್ಟಿದಾಗಿನಿಂದ ಬಾಣಲೆ ಹೊತ್ತು ಅಲೀತಾ ಇದೀನಿ. ಇದು ನನ್ನ ಜಾಗ ಅಂತ ಕಾಲೂರಿ ನಿಲ್ಲೋಕೆ ಒಂದು ಅಂಗೈಯಗಲ ನೆಲ ಇಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಅದೇ ವರ್ಷ ಮರುಳಸಿದ್ದಪ್ಪ ಪಂಚಾಯ್ತಿ ಅಧ್ಯಕ್ಷನಾದ. ಕೆಟ್ಟವನಲ್ಲ. ಅವನ ತಾಯಿ ಎಡದಿಂದ ಏಳನೆಯ ಬಾಣಲೆಯವಳು, ಹೊತ್ತು ಹೊತ್ತು ಬೆನ್ನು ಬಾಗಿ, ಮಲಗಿದರೂ ನೆಟ್ಟಗೆ ಮಲಗಲಾರದೆ ಸತ್ತವಳು. ಅದು ಅವನ ಮನಸ್ಸಿನಲ್ಲಿತ್ತು. ಶ್ರೀಪಾದರಾಯರು ಎಂಬ ಇಂಜಿನಿಯರನ್ನು ಕರೆಸಿದ. ಅವರು ನಕ್ಷೆ ಹರಡಿ ಹೇಳಿದರು: ಬಂಡೆಯ ಸೊಟ್ಟವನ್ನೆಲ್ಲ ತೇಯ್ದು ತೆಗೆದರೆ ಗೆರೆ ಗಿರೆ ಏನೂ ಇರುವುದಿಲ್ಲ, ಅಷ್ಟೂ ಬೆಳಕು ಒಂದೇ ಚುಕ್ಕಿಗೆ ಬಂದು ಬೀಳುತ್ತದೆ. ಆ ಚುಕ್ಕಿಗೆ ಒಂದು ಸಿಮೆಂಟಿನ ದೊಡ್ಡ ಭಟ್ಟಿ. ನಲವತ್ತೊಂದು ಬಾಣಲೆಯ ಕೆಲಸ ಒಂದು ಭಟ್ಟಿಯಲ್ಲಿ. ಹೊರುವುದು ಬೇಡ, ಅಲೆಯುವುದು ಬೇಡ, ಎಲ್ಲರೂ ಒಂದೇ ಸೂರಿನ ಕೆಳಗೆ ನೆರಳಲ್ಲಿ ನಿಂತು ಕೆಲಸ ಮಾಡಬಹುದು.

ಪಂಚಾಯ್ತಿ ಕಟ್ಟೆಯ ಮೇಲೆ ಎಲ್ಲರ ಎದುರು ಮರುಳಸಿದ್ದಪ್ಪ ನನ್ನನ್ನೇ ಕೇಳಿದ. "ದೊಡ್ಡವ್ವ, ನೀವೇನಂತೀರಿ?"

"ಕೊಕ್ಕು ನಿಲ್ತದಪ್ಪ, ಚುಕ್ಕಿ ನಿಲ್ಲೋದಿಲ್ಲ" ಅಂದೆ.

ಶ್ರೀಪಾದರಾಯರು ಮೆಲ್ಲಗೆ ಕೇಳಿದರು, "ಯಾಕಮ್ಮ? ಲೆಕ್ಕ ಸರಿಯಾಗಿದೆಯಲ್ಲ."

"ಸರಿ ಇರಬಹುದು ರಾಯರೇ. ಚುಕ್ಕಿ ಅಂದ್ರೆ ಬೆಳಕೆಲ್ಲ ಉಸಿರು ಬಿಗಿಹಿಡಿದು ಒಂದೇ ಕಡೆ ಕೂತಿರೋದು. ಬಂಡೆ ಒಂದು ಕೂದಲೆಳೆ ಅಲ್ಲಾಡಿದರೂ ಬಿಚ್ಚಿಕೊಳ್ತದೆ. ಕೊಕ್ಕು ಹಾಗಲ್ಲ. ನೀವು ಬಂಡೆ ಅಲ್ಲಾಡಿಸಿ, ಅದೂ ಅಲ್ಲಾಡ್ತದೆ, ಕೊಕ್ಕಾಗೇ ಇರ್ತದೆ."

"ಬಂಡೆ ಅಲ್ಲಾಡದ ಹಾಗೆ ಕಬ್ಬಿಣದ ಪಟ್ಟಿ ಹಾಕ್ತೀವಿ."

"ಹೊಟ್ಟೆಗೆ ಪಟ್ಟಿ ಕಟ್ಟಿದರೆ ಉಸಿರು ನಿಲ್ತದಾ ಸ್ವಾಮಿ?" ಎಂದು ದುರುಗಮ್ಮ ಹಿಂದಿನಿಂದ ಕೇಳಿದಳು. ಜನ ನಕ್ಕರು. ರಾಯರೂ ನಕ್ಕರು.

ಕಡೆಗೆ ಒಂದು ಮಾತಿಗೆ ಬಂದೆವು. ಚುಕ್ಕಿ ಭಟ್ಟಿಯ ಬಾಯಲ್ಲಿ ಒಂಬತ್ತು ದಿನ ನಿಂತರೆ, ಬಾಣಲೆಗಳನ್ನೆಲ್ಲ ಕರಗಿಸಿ ಭಟ್ಟಿಗೆ ಬಾಗಿಲು ಮಾಡಿಸುವುದು. ಸಾಲು ಮುಗಿಯಿತು ಎನ್ನುವುದು. ನಿಲ್ಲದಿದ್ದರೆ ಬಂಡೆಯ ತಂಟೆಗೆ ಇನ್ನು ಹೋಗುವುದಿಲ್ಲ. ಭಟ್ಟಿಯ ಕೆಲಸಕ್ಕೆ ಹೆಸರು ಬರೆಸುವವರು ಬರೆಸಬಹುದು ಎಂದರು. ಮೊದಲು ಎದ್ದು ಹೋದವಳು ನನ್ನ ಹೊನ್ನೂರಿ. ನನ್ನ ಮುಖ ನೋಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹನ್ನೆರಡು ಜನ ಬರೆಸಿದರು.

ಒಂದು ತಿಂಗಳು ಬಂಡೆಗೆ ಮರದ ಅಟ್ಟಣಿಗೆ ಕಟ್ಟಿ ಯಂತ್ರ ಹಚ್ಚಿ ತೇಯ್ದರು. ಊರೆಲ್ಲ ಬಿಳಿ ಪುಡಿ. ದಿನ ಕಳೆದ ಹಾಗೆ ಎರಡು ಗೆರೆಗಳೂ ಗಿಡ್ಡವಾಗುತ್ತ ಬಂದವು, ಬಾಣಲೆಗಳನ್ನು ಒತ್ತೊತ್ತಾಗಿ ಇಟ್ಟು ಹುರಿದೆವು. ಕೊನೆಯ ದಿನ ಇಡುವುದಕ್ಕೆ ಜಾಗವೇ ಉಳಿಯಲಿಲ್ಲ. ಬೆಳಕೆಲ್ಲ ಒಂದು ರೂಪಾಯಿಯಗಲದ ಚುಕ್ಕಿಯಾಗಿ ಭಟ್ಟಿಯ ಬಾಯಿಗೆ ಬಿತ್ತು. ಸುಳ್ಳು ಹೇಳಬಾರದು, ನೋಡುವುದಕ್ಕೆ ಬಲು ಚೆನ್ನಾಗಿತ್ತು. ಒಂದು ಮೂಟೆ ಅಕ್ಕಿ ಒಂದೇ ಉಸಿರಿಗೆ ಅರಳಿ ಸೂರಿನವರೆಗೆ ಚಿಮ್ಮಿತು.

ಮೊದಲ ದಿನ ನಿಂತಿತು. ಎರಡು, ಮೂರು, ನಾಲ್ಕು ದಿನ ನಿಂತಿತು. ಸಾಲಿನ ಬಾಣಲೆಗಳು ಗೋಡೆಗೆ ಒರಗಿ ಬೋರಲು ಬಿದ್ದಿದ್ದವು. ಹೊನ್ನೂರಿ ಮನೆಗೆ ಬರುವಾಗ ಬೆನ್ನು ನೆಟ್ಟಗಿರುತ್ತಿತ್ತು. ನಾಲ್ಕನೆಯ ಸಂಜೆ ಕಾಲು ತೊಳೆಯುತ್ತ, "ಬಂಡೆ ಅಲ್ಲಾಡ್ಲೇ ಇಲ್ಲವಲ್ಲವ್ವ" ಅಂದಳು. ಚುಚ್ಚುವುದಕ್ಕೆ ಅಂದದ್ದಲ್ಲ, ನನಗೆ ನೋವಾಗಬಾರದೆಂದು ಬಹಳ ಮೆಲ್ಲಗೆ ಅಂದಳು. ಅದೇ ಹೆಚ್ಚು ನೋಯಿಸಿತು. ನಾನು ಕುಡಿಕೆಯಲ್ಲಿ ಸುಣ್ಣ ಒಣಗದ ಹಾಗೆ ಒಂದಿಷ್ಟು ನೀರು ಹಾಕಿ ಇಟ್ಟೆ.

ಐದನೆಯ ಬೆಳಗ್ಗೆ ಬಂಡೆ ಉಸಿರೆಳೆಯಿತು.

ನಾನು ಹೋಗುವಷ್ಟರಲ್ಲಿ ಊರೇ ಭಟ್ಟಿಯ ಮುಂದೆ ನೆರೆದಿತ್ತು. ಭಟ್ಟಿಯ ಬಾಯಿ ಕಪ್ಪಗೆ, ತಣ್ಣಗೆ ಇತ್ತು. ಚುಕ್ಕಿ ಇಲ್ಲ. ಮೊದಲು ಗೆರೆ ಬೀಳುತ್ತಿದ್ದ ಕಡೆಯಲ್ಲೆಲ್ಲ ಓಡಾಡಿ ನೋಡಿ ಬಂದಿದ್ದರು, ಅಲ್ಲಿ ಗೆರೆಯೂ ಇಲ್ಲ, ಕೊಕ್ಕೂ ಇಲ್ಲ. ಭಟ್ಟಿಗೆಂದು ಮೂವತ್ತು ಮೂಟೆ ಅಕ್ಕಿಗೆ ಉಪ್ಪುನೀರು ಸವರಿ ಹರಡಿದ್ದರು. ಉಪ್ಪು ಹಿಡಿದ ಅಕ್ಕಿ ಆವತ್ತೇ ಅರಳಬೇಕು, ಮಾರನೆಯ ದಿನಕ್ಕೆ ಅದು ದನಕ್ಕೂ ಆಗದು. ಊರಿನ ಅರ್ಧ ತಿಂಗಳ ಅಕ್ಕಿ ಅದು.

"ಹೊಳಪು ಹಚ್ಚಿ ಹಚ್ಚಿ ಕೊಂದೇ ಬಿಟ್ರಲ್ಲಪ್ಪ" ಎಂದು ದುರುಗಮ್ಮ ಅಂದಳು. ಈ ಸಲ ಯಾರೂ ನಗಲಿಲ್ಲ. ಶ್ರೀಪಾದರಾಯರು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. ಮರುಳಸಿದ್ದಪ್ಪ ಭಟ್ಟಿಯ ಮೆಟ್ಟಿಲ ಮೇಲೆ ಕೂತು, "ನಮ್ಮಜ್ಜಂದಿರ ಬಂಡೇನ ನಾನು ಹಾಳು ಮಾಡಿದೆ" ಅಂದ. ಅವನ ಪಕ್ಕದಲ್ಲಿ ಹೊನ್ನೂರಿ ಖಾಲಿ ಮೊರ ಹಿಡಿದು ನಿಂತಿದ್ದಳು.

ನಾನು ಹೇಳಿದೆ, "ಕೊಕ್ಕು ಸತ್ತಿಲ್ಲ."

"ಎಲ್ಲಾ ಕಡೆ ನೋಡಿದ್ವಲ್ಲ ದೊಡ್ಡವ್ವ."

"ಮೊದಲು ಇದ್ದ ಕಡೆ ನೋಡಿದಿರಿ. ನೀವು ಬಂಡೆಯ ಆಕಾರ ಬದಲಿಸಿದ್ದೀರಿ, ಅದು ಎಲ್ಲೋ ಬೇರೆ ಕಡೆ ಕೂತದೆ. ಒಂಟಿ ಕೊಕ್ಕು ಒಂಟಿಯಾಗಿ ಸಾಯೋಕಾಗೋದಿಲ್ಲ. ಸಾಯೋಕೆ ಅದಕ್ಕೆ ಇನ್ನೊಂದು ಬೇಕು. ಆ ಇನ್ನೊಂದು ಎಲ್ಲಿತ್ತು?"

ಜರಡಿಗಳ ಕಡೆ ಕೈ ತೋರಿಸಿದೆ.

"ಜರಡಿ ತಗೊಳ್ರಿ. ಸೂರ್ಯ ಎಣಿಸ್ತಾ ಹೋಗ್ರಿ."

ಇದನ್ನು ಸ್ವಲ್ಪ ಹೇಳಬೇಕು. ಊರೆಲ್ಲ ಬಿಳಿ ಪುಡಿ ಕೂತಿದ್ದರಿಂದ ಬಿಳಿ ಗೆರೆ ದೂರಕ್ಕೆ ಕಣ್ಣಿಗೆ ಸಿಗುತ್ತಿರಲಿಲ್ಲ. ನಮ್ಮೂರಲ್ಲಿ ಗೆರೆಗಳ ಹೊರಗೆ ನಿಂತು ಬಂಡೆಯನ್ನು ನೋಡಿದರೆ ಅದರಲ್ಲಿ ಒಂದು ಸೂರ್ಯ ಕಾಣುತ್ತದೆ. ಗೆರೆಗಳ ಒಳಗೆ ನಿಂತರೆ ಮೂರು. ಒಳಗಿನಿಂದ ಗೆರೆಯ ಕಡೆ ನಡೆದ ಹಾಗೆ ಮೂರರಲ್ಲಿ ಎರಡು ಹತ್ತಿರ ಬರುತ್ತವೆ, ಗೆರೆಯ ಮೇಲೆ ಒಂದಾಗುತ್ತವೆ. ಮೂರೂ ಒಟ್ಟಿಗೆ ಒಂದಾಗುವ ಜಾಗವೇ ಕೊಕ್ಕು. ಬರಿಗಣ್ಣಲ್ಲಿ ನೋಡಿದರೆ ಕಣ್ಣು ಹೋಗುತ್ತದೆ. ಅದಕ್ಕೇ ಮರಳಿನ ಸಣ್ಣ ಜರಡಿಗಳನ್ನು ಎರಡು ಮೂರು ಒಂದರ ಮೇಲೊಂದು ಜೋಡಿಸಿ ಹಿಡಿದು ನೋಡುತ್ತೇವೆ.

ಹೊನ್ನೂರಿ ಜರಡಿಗಳನ್ನು ತೆಗೆದುಕೊಂಡಳು. ನಾನು ಕುಡಿಕೆ ಚಾಚಿದೆ.

"ಇದು ನಂಗ್ಯಾಕವ್ವ?"

"ಸಿಕ್ಕರೆ ಗುರುತು ಹಾಕಬೇಕಲ್ಲ. ನನ್ನ ಕಾಲು ಅಷ್ಟು ದೂರ ಬರೋದಿಲ್ಲ."

ಅವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಎಡಗೈಯಲ್ಲಿ ಹಿಡಿದುಕೊಂಡು ಹೋದಳು. ಜನ ಊರಿನ ಎಲ್ಲ ದಿಕ್ಕಿಗೂ ಚೆದುರಿದರು. ಮುಖಕ್ಕೆ ಜರಡಿ ಹಿಡಿದು, ಎಡವುತ್ತ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ, "ಒಂದು... ಒಂದು... ಇಲ್ಲೂ ಒಂದೇ" ಎನ್ನುತ್ತ ಓಣಿ ಓಣಿ ತಿರುಗಿದರು. ನಾನು ಭಟ್ಟಿಯ ಮೆಟ್ಟಿಲ ಮೇಲೆ ಮರುಳಸಿದ್ದಪ್ಪನ ಪಕ್ಕ ಕೂತೆ. ಬಿಸಿಲು ಏರಿತು. ಅಕ್ಕಿ ಬೆವರುವುದಕ್ಕೆ ಶುರುವಾಗಿತ್ತು.

"ಸಿಗದಿದ್ದರೆ?" ಎಂದು ಅವನು ಕೇಳಿದ.

"ನಿಮ್ಮ ತಾಯಿ ಒಂದು ದಿನಾನೂ ಹೀಗೆ ಕೇಳಿರಲಿಲ್ಲ" ಅಂದೆ.

ಬಹಳ ಹೊತ್ತಾದ ಮೇಲೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಕೂಗು ಕೇಳಿತು. ನನ್ನ ಮಗಳ ದನಿ. "ಅವ್ವಾ, ಮೂರು."

ಮರುಳಸಿದ್ದಪ್ಪ ನನ್ನ ರಟ್ಟೆ ಹಿಡಿದು ನಡೆಸಿಕೊಂಡು ಹೋದ. ನಾವು ಹೋದಾಗ ಹೊನ್ನೂರಿ ಬಸ್‌ಸ್ಟ್ಯಾಂಡಿನ ನಡುವೆ ಜರಡಿ ಹಿಡಿದು, ಹೆಜ್ಜೆಗೊಮ್ಮೆ ನಿಂತು, ತಲೆ ಓರೆ ಮಾಡಿ, ಮತ್ತೆ ಹೆಜ್ಜೆ ಇಡುತ್ತಿದ್ದಳು. ಇಮಾಂಬಿ ನಡೆಯುತ್ತಿದ್ದದ್ದೂ ಹೀಗೇ. ಇದನ್ನು ಅವಳಿಗೆ ನಾನು ಕೂತು ಕಲಿಸಿದ್ದಿಲ್ಲ. ಇಪ್ಪತ್ತು ವರ್ಷ ನನ್ನ ಹಿಂದೆ ಬಾಣಲೆ ಹೊತ್ತು ನಡೆದಿದ್ದಳಲ್ಲ, ನೋಡಿ ಕಲಿತಿದ್ದಳು. "ಎರಡು ಹತ್ರ ಬಂದ್ವು... ಮೂರನೇದೂ ಬರ್ತಾ ಇದೆ..." ಎನ್ನುತ್ತ ವಿಚಾರಣೆ ಎಂದು ಬೋರ್ಡು ಬರೆದ ಕಿಟಕಿಯ ಮುಂದೆ ನಿಂತಳು. ಬಗ್ಗಿ, ಯಾರನ್ನೂ ಕೇಳದೆ, ಸುಣ್ಣದಲ್ಲಿ ಬೆರಳದ್ದಿ ನೆಲದ ಮೇಲೆ ಗುರುತು ಹಾಕಿದಳು. ನಾನು ಬಗ್ಗಿ ಒಂದು ಕ್ಷಣ ಅಂಗೈ ಹಿಡಿದು ಹಿಂದಕ್ಕೆಳೆದುಕೊಂಡೆ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಕಿಟಕಿಯ ಒಳಗೆ ಹೊಗೆ ಏಳುತ್ತಿತ್ತು. ಗುಮಾಸ್ತ ಕೈಯಲ್ಲಿ ಕರಿಕಾದ ಹಾಳೆ ಹಿಡಿದು, "ಏನ್ರಮ್ಮ ಇದು, ನನ್ನ ಟೈಂಟೇಬಲ್ ಸುಟ್ಟುಹೋಯ್ತು" ಅಂದ.

"ನಿಮ್ಮ ಬಸ್ಸು ಯಾವತ್ತು ಅದನ್ನ ನೋಡಿಕೊಂಡು ಬಂದಿದ್ವು ಬಿಡಪ್ಪ" ಎಂದಳು ದುರುಗಮ್ಮ, ಆಗಲೇ ಬಾಣಲೆ ಹೊತ್ತು ಬಂದವಳು.

ಆಮೇಲೆ ಯಾರಿಗೂ ಯಾರೂ ಹೇಳಬೇಕಾಗಲಿಲ್ಲ. ಗುರುತಿನ ಎಡಕ್ಕೆ ದುರುಗಮ್ಮ, ಅವಳ ಎಡಕ್ಕೆ ಬಸಮ್ಮ, ಬಲಕ್ಕೆ ಬಲದವರು. ಭಟ್ಟಿಗೆ ಹೆಸರು ಬರೆಸಿದವರೂ ಬರೆಸದವರೂ ತಂತಮ್ಮ ಜಾಗಕ್ಕೆ ಬಂದರು. ಹೊಸ ಗೆರೆ ಎಂಥ ಸೊಟ್ಟ ಅಂತೀರಿ. ಒಂದು ಗೆರೆ ಕಂಬ ಸುತ್ತಿ, ನಿಂತ ಬಸ್ಸಿನ ಕೆಳಗೆ ನುಸುಳಿ, ಹೋಟೆಲಿನ ಅಂಗಳಕ್ಕೆ ಹೋಗಿತ್ತು. ಕಂಬದ ಹತ್ತಿರ ಅದು ಎಷ್ಟು ಬಾಗಿತ್ತೆಂದರೆ ದುರುಗಮ್ಮನೂ ಬಸಮ್ಮನೂ ಅಕ್ಕಪಕ್ಕ ಕೂತವರು ಎದುರುಬದುರಾಗಿಬಿಟ್ಟರು. ದುರುಗಮ್ಮ ಅತ್ತ ನೋಡಿದಳು, ಇತ್ತ ನೋಡಿದಳು, ಕಡೆಗೆ "ಉಪ್ಪು ತಳ್ಳೇ ಇತ್ಲಾಗೆ" ಅಂದಳು. ಬಸಮ್ಮ ತಳ್ಳಿದಳು. ಹನ್ನೊಂದು ವರ್ಷದ ಮೇಲಿನ ಮೊದಲ ಮಾತು ಅದು.

ಮರುಳಸಿದ್ದಪ್ಪ ಎಲ್ಲಿಂದಲೋ ಒಂದು ಬಾಣಲೆ ತಲೆಯ ಮೇಲೆ ಹೊತ್ತು ಬಂದು ನಿಂತ. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. "ಎಡದಿಂದ ಏಳನೇದು ಎಲ್ಲಿ ಬರ್ತದೆ ದೊಡ್ಡವ್ವ?" ಅಂದ. ತೋರಿಸಿದೆ. ಈಗ ಆ ಜಾಗದಲ್ಲಿ ಕೂರುವವಳ ಮುಂದೆ ಅದನ್ನು ಇಳಿಸಿ, ಮರಳು ಹಾಕಿ ಕೊಟ್ಟು ಎದ್ದ. ಆವತ್ತು ಸಂಜೆಯ ಹೊತ್ತಿಗೆ ಮೂವತ್ತು ಮೂಟೆಯೂ ಅರಳಿತು. ಬಸ್ಸಿಗೆ ಕಾದವರು ಬಿಸಿ ಮಂಡಕ್ಕಿ ತಿನ್ನುತ್ತ ಕೂತು ಎರಡೆರಡು ಬಸ್ಸು ತಪ್ಪಿಸಿಕೊಂಡರು.

ಶ್ರೀಪಾದರಾಯರು ಹೊರಡುವ ಮೊದಲು ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂತರು. ತಗಡಿನ ಲೋಟದಲ್ಲಿ ಮಜ್ಜಿಗೆ ಕೊಟ್ಟೆ. ಕುಡಿಯುವ ಮೊದಲು ಬಿಸಿಲಿಗೆ ಹಿಡಿದು ಹಿಚುಕಿ ನೋಡಿ ಎಂದೆ. ಆ ಮನುಷ್ಯ ಅರ್ಧ ತಾಸು ಹಿಚುಕುತ್ತ ಕೂತಿದ್ದರು. ಮಜ್ಜಿಗೆ ಬಿಸಿಯಾಯಿತು, ಬೇರೆ ಕೊಟ್ಟೆ. ಹೋಗುವಾಗ ಆ ಲೋಟವನ್ನು ಕೇಳಿ ತೆಗೆದುಕೊಂಡು ಹೋದರು.

ಭಟ್ಟಿ ಈಗಲೂ ಇದೆ. ಒಳಗೆ ಮಂಡಕ್ಕಿ ಮೂಟೆ ಇಡುತ್ತೇವೆ, ಇಲಿ ಬರುವುದಿಲ್ಲ, ಒಳ್ಳೆಯ ಕಟ್ಟಡ. ಬಸ್ಸುಗಳು ಗೆರೆಗೆ ಜಾಗ ಬಿಟ್ಟು ಊರ ಹೊರಗೆ ನಿಲ್ಲುತ್ತವೆ. ಮರುಳಸಿದ್ದಪ್ಪ ಬಾಣಲೆಗಳಿಗೆ ತಳ್ಳುವ ಗಾಡಿ ಮಾಡಿಸಿಕೊಟ್ಟಿದ್ದಾನೆ, ಹಾಗಾಗಿ ಈಗ ಯಾರ ಬೆನ್ನೂ ಬಾಗುವುದಿಲ್ಲ. ಅವನು ಮಾಡಬೇಕೆಂದಿದ್ದದ್ದು ಅದೇ ಅಲ್ಲವೇ.

ಕುಡಿಕೆಯನ್ನು ಹೊನ್ನೂರಿ ಆವತ್ತು ನನಗೆ ಹಿಂದಕ್ಕೆ ಕೊಡಲಿಲ್ಲ. ನಾನೂ ಕೇಳಲಿಲ್ಲ. ಮಾರನೆಯ ವರ್ಷ ಶಾಲೆಯಲ್ಲಿ ಮತ್ತೆ ಅದೇ ಫಾರಂ ಕೊಟ್ಟರು. ಜಗಲಿಯ ಮೇಲೆ ಕೂತು ಬರೆಯುತ್ತಿದ್ದಳು. ತಾಯಿ ಕೆಲಸ ಮಾಡುವ ಸ್ಥಳ ಎಂಬ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತದೇನೋ ಎಂದು ನಾನು ಓರೆಗಣ್ಣಲ್ಲಿ ನೋಡಿದೆ. ನಿಲ್ಲಲಿಲ್ಲ. ಮೂರನೇ ಇಯತ್ತೆಯ ಓದು ಅಷ್ಟಕ್ಕೆ ಸಾಕಾಯಿತು, ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ದುರುಗಮ್ಮನ ಬಲಕ್ಕೆ, ಎಂದು ಬರೆದಿದ್ದಳು. ಮೇಷ್ಟ್ರು ಅದನ್ನು ನೋಡಿ, ಸರಿ ಎಂದು ರುಜು ಹಾಕಿ ಒಳಗಿಟ್ಟರಂತೆ.